ದೋಣಿಮನೆಯಲ್ಲಿ ನಿವೃತ್ತಿ: ತೇಲೋಕೆ ಮುಂಚೆ ಹಾಕಬೇಕಾದ ಲೆಕ್ಕ

ರಿಟೈರ್ ಆದ್ಮೇಲೆ ಮನೆ ಮಾರಿ ದೋಣಿ ಹತ್ತಿಬಿಡೋದು. ಇಂಗ್ಲೆಂಡಿನ ಕಾಲುವೆಗಳ ವಿಡಿಯೊ ನೋಡಿದವರಿಗೆ ಈ ಆಸೆ ಹುಟ್ಟುವುದು ಸಹಜ. ಬಣ್ಣ ಬಳಿದ ಉದ್ದನೆಯ ದೋಣಿ, ಒಳಗೆ ಉರಿಯುವ ಒಲೆ, ಕಿಟಕಿಯಾಚೆ ಬಾತುಕೋಳಿ. ನನಗೂ ಹುಟ್ಟಿತ್ತು. ಆದರೆ ಎಂಜಿನಿಯರಿಂಗ್ ಓದಿದ ಚಾಳಿ ಬಿಡಬೇಕಲ್ಲ, ಲೆಕ್ಕ ಹಾಕಲು ಕೂತೆ. ಆ ಲೆಕ್ಕ ಬೇಗನೆ ರಾಜಕೀಯಕ್ಕೆ ಬಂದು ನಿಂತಿತು.

ಮೊದಲು ದೋಣಿ. ಇದನ್ನು ನ್ಯಾರೋಬೋಟ್ ಅಂತಾರೆ. ಅಗಲ ಸುಮಾರು 2.1 ಮೀಟರ್ ಅಷ್ಟೇ. ಯಾಕಂದ್ರೆ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ ಅನೇಕ ಕಾಲುವೆಗಳ ಲಾಕ್‌ಗಳು ಅಷ್ಟೇ ಕಿರಿದು. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ನೀರಿನ ತೊಟ್ಟಿ. ನೀರು ತುಂಬಿಸಿದರೆ ದೋಣಿ ಮೇಲೇರುತ್ತೆ, ಬಿಟ್ಟರೆ ಇಳಿಯುತ್ತೆ. ಬಹುತೇಕ ಕಡೆ ಗೇಟು ತಳ್ಳಬೇಕಾದವರು ನೀವೇ. ಡಿವೈಜಸ್ ಪಟ್ಟಣದ ಕೇನ್ ಹಿಲ್ ಏರಿನಲ್ಲಿ ಇಂಥವು 29 ಇವೆ. 66ನೇ ವಯಸ್ಸಿಗೆ ಆಗುವ ಕೆಲಸ 78ಕ್ಕೆ ಆಗುತ್ತಾ?

ದೋಣಿಯ ಒಡಲು ಉಕ್ಕು. ಎರಡು-ಮೂರು ವರ್ಷಕ್ಕೊಮ್ಮೆ ನೀರಿನಿಂದ ಎತ್ತಿಸಿ ತಳಕ್ಕೆ ಕಪ್ಪು ಬಳಿಸದಿದ್ದರೆ ತುಕ್ಕು ತಿನ್ನುತ್ತೆ. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಬೇಕು. ಹಳೆ ದೋಣಿ ಕೊಳ್ಳುವವರು ಸರ್ವೇಯರ್‌ನಿಂದ ತಗಡಿನ ದಪ್ಪ ಅಳೆಸದೆ ದುಡ್ಡು ಕೊಡಬಾರದು. ಚಾವಣಿಯ ಸೋಲಾರ್ ಬೇಸಿಗೆಯಲ್ಲಿ ಧಾರಾಳ. ಡಿಸೆಂಬರ್‌ನಲ್ಲಿ 400 ವ್ಯಾಟ್ ಪ್ಯಾನೆಲ್ ಒಂದು ಸಣ್ಣ ಫ್ರಿಜ್ಜಿಗೂ ಸಾಲದು, ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬೇಕು. ಕಕ್ಕಸಿನ ಡಬ್ಬಿ ಹೊತ್ತು ಖಾಲಿ ಮಾಡುವ ಕೆಲಸವೂ ನಿಮ್ಮದೇ. ಒಲೆ ಇರುವ ಕಡೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಜೀವದ ಪ್ರಶ್ನೆ.

ಇಷ್ಟೆಲ್ಲ ದುಡ್ಡು, ಮೈಬಲ ಇದ್ದರೆ ನಿಭಾಯಿಸಬಹುದು. ಕಷ್ಟ ಇರುವುದು ಕಾನೂನಿನಲ್ಲಿ. ದೋಣಿಗೆ ಕಾಯಂ ತಂಗುದಾಣ ಬಾಡಿಗೆಗೆ ಹಿಡಿಯಬಹುದು, ಆದರೆ ವಾಸಕ್ಕೆ ಅನುಮತಿ ಇರುವ ಜಾಗಗಳು ಕಡಿಮೆ, ದುಬಾರಿ. ಇಲ್ಲದಿದ್ದರೆ ಸುತ್ತುತ್ತಲೇ ಇರಬೇಕು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ ಅಂಥ ದೋಣಿ ಒಂದೇ ಕಡೆ ಸತತವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪರಿಸ್ಥಿತಿ ನೋಡಿ ಹೆಚ್ಚು ದಿನ ಕೊಡಲು ಅವಕಾಶವಿದೆ. ಅಂದರೆ ಸೊಂಟದ ಆಪರೇಷನ್ ಆದ ಅಜ್ಜಿ, "ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ" ಅಂತ ಕೇಳಿಕೊಳ್ಳಬೇಕು.

ವಿಳಾಸವಿಲ್ಲದವರು ಮತ ಹಾಕಬಹುದಾ? ಹಾಕಬಹುದು. ಊರೊಂದರ ಜೊತೆ ತಮಗಿರುವ ನಂಟನ್ನು ಘೋಷಿಸಿ ಪಟ್ಟಿಗೆ ಸೇರಬಹುದು. ವಿಳಾಸದ ಪುರಾವೆ ಇಲ್ಲ ಅಂತ ಸರ್ಕಾರಿ ವ್ಯವಸ್ಥೆಯ ವೈದ್ಯರು ಹೆಸರು ನೋಂದಾಯಿಸದೇ ಇರುವಂತಿಲ್ಲ. ಆದರೆ ಹಕ್ಕು ಇದೆ ಅನ್ನುವುದು ಗೊತ್ತಿರಬೇಕು, ಕೌಂಟರ್‌ನಲ್ಲಿ ವಾದಿಸುವ ತಾಳ್ಮೆಯೂ ಇರಬೇಕು. ದಾಖಲೆ ಇಲ್ಲದೆ ಕಚೇರಿ ಅಲೆದ ನಮ್ಮ ಅಲೆಮಾರಿ ಸಮುದಾಯಗಳಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಇನ್ನು ಖರ್ಚು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿ.ಮೀ. ಜಲಮಾರ್ಗ 2012ರಲ್ಲಿ ಸರ್ಕಾರದ ಕೈಯಿಂದ ಕೆನಾಲ್ ಆಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಹೋಯಿತು. 2027ರ ನಂತರ ಅದರ ಅನುದಾನ ವರ್ಷವರ್ಷ ಶೇ 5ರಂತೆ ಇಳಿಯಲಿದೆ ಎಂದು 2023ರಲ್ಲಿ ಸರ್ಕಾರ ಹೇಳಿತು. 2024ರ ಏಪ್ರಿಲ್‌ನಿಂದ ಕಾಯಂ ತಂಗುದಾಣ ಇಲ್ಲದ ದೋಣಿಗಳ ಲೈಸೆನ್ಸಿಗೆ ಹೆಚ್ಚುವರಿ ಶುಲ್ಕ ಬಿತ್ತು. ಶೇ 5ರಿಂದ ಶುರುವಾಗಿ 2028ಕ್ಕೆ ಶೇ 25ಕ್ಕೆ ಏರುವ ಯೋಜನೆ. ಹೆಚ್ಚು ಓಡಾಡುವವರು ಹೆಚ್ಚು ಕೊಡಲಿ ಅನ್ನೋದು ಟ್ರಸ್ಟ್ ವಾದ. ಇವರಲ್ಲಿ ಅನೇಕರು ಮನೆ ಬಾಡಿಗೆ ಕಟ್ಟಲಾಗದೆ ದೋಣಿ ಹತ್ತಿದವರು ಅನ್ನೋದು ದೋಣಿವಾಸಿಗಳ ಉತ್ತರ. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ. ಸರ್ಕಾರ ಕೈಬಿಟ್ಟ ಸಾರ್ವಜನಿಕ ಆಸ್ತಿಯ ಬಿಲ್ಲನ್ನು ಅದರ ಮೇಲೆ ಬದುಕುವ ಬಡವರಿಗೆ ಕಳಿಸುವುದು ನಾವು ನೋಡದ ಆಟವೇನಲ್ಲ.

ಹಾಗಂತ ಆಸೆ ಬಿಡಿ ಅಂತ ಹೇಳ್ತಿಲ್ಲ. ಮನೆ ಮಾರುವ ಮುಂಚೆ ಜನವರಿಯಲ್ಲಿ ಒಂದು ತಿಂಗಳು ದೋಣಿ ಬಾಡಿಗೆಗೆ ಹಿಡಿದು ಬದುಕಿ ನೋಡಿ. ಮುಂದೊಂದು ದಿನ ದಡಕ್ಕೆ ಮರಳಲು ಬೇಕಾದ ದುಡ್ಡನ್ನು ಬೇರೆ ಎತ್ತಿಡಿ, ಅದನ್ನು ದೋಣಿಗೆ ಸುರಿಯಬೇಡಿ. ನಾನು ಈ ಎರಡನೇ ಮೊತ್ತ ಬರೆಯುವ ಹೊತ್ತಿಗೆ ಲೆಕ್ಕದ ಹಾಳೆ ಮಡಚಿಟ್ಟೆ.