ಹಳ್ಳಿಖೇಡದಲ್ಲಿ ಇಳಿದು, ಹುಮನಾಬಾದಿನಲ್ಲಿ ಹತ್ತಿ

ಒಂದು ನಿಲ್ದಾಣದಲ್ಲಿ ರೈಲಿನಿಂದ ಇಳಿಯುವುದು. ಹೊಲದ ದಾರಿಯಲ್ಲಿ ದಿನವೆಲ್ಲ ನಡೆದು ಇನ್ನೊಂದು ನಿಲ್ದಾಣದಲ್ಲಿ ರೈಲು ಹತ್ತಿ ಸಂಜೆಗೆ ಮನೆ ಸೇರುವುದು. ಇಂಗ್ಲೆಂಡಿನ ಜನರಿಗೆ ಇದು ಹಳೆಯ ಹವ್ಯಾಸ. ಅಲ್ಲಿ ದಣಿವಾರಿಸಿಕೊಳ್ಳಲು ಹಳ್ಳಿಯ ಪಾನಗೃಹಗಳಿವೆ. ಬೀದರ ಸೀಮೆಯಲ್ಲಿ ಆ ಕೆಲಸಕ್ಕೆ ಚಹಾದ ಅಂಗಡಿಯೇ ಸಾಕು. ಜೊತೆಗೆ ಬಿಸಿ ಮಿರ್ಚಿ ಭಜಿ ದೊರೆತರೆ ಪಾನಗೃಹದ ನೆನಪೂ ಬಾರದು.

110 ಕಿಲೋಮೀಟರುಗಳ ಬೀದರ–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಆ ಮಾರ್ಗದ ಹಳ್ಳಿಖೇಡ ಮತ್ತು ಹುಮನಾಬಾದ್ ನಿಲ್ದಾಣಗಳ ನಡುವಿನ ನಾಡು ಇಂಥ ನಡಿಗೆಗೆ ಹೇಳಿ ಮಾಡಿಸಿದಂತಿದೆ.

ಆದರೆ ಇಂಥ ದಿನದ ಯೋಜನೆಯನ್ನು ಬೆಳಗಿನಿಂದಲ್ಲ, ಸಂಜೆಯಿಂದ ಆರಂಭಿಸಬೇಕು. ಈ ಮಾರ್ಗದಲ್ಲಿ ಗಾಡಿಗಳು ವಿರಳ. ಹಿಂದಿರುಗುವ ಗಾಡಿಯ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಮ್ಮುಖವಾಗಿ ಗಂಟೆಗಳನ್ನು ಎಣಿಸುತ್ತ ಬರಬೇಕು. ಒಂಟಿ ಯುವಕನು ಗಂಟೆಗೆ ಐದು ಕಿಲೋಮೀಟರು ನಡೆದಾನು; ಮಕ್ಕಳು, ಅಜ್ಜಿ, ಬುತ್ತಿಯ ಚೀಲ ಜೊತೆಗಿದ್ದರೆ ಮೂರೆಂದು ಹಿಡಿಯುವುದೇ ಜಾಣತನ. ನಡಿಗೆಯನ್ನು ಹುಮನಾಬಾದಿನಲ್ಲಿ ಮುಗಿಸುವುದಕ್ಕೂ ಕಾರಣವಿದೆ. ಪುಣೆ–ಹೈದರಾಬಾದ್ ಹೆದ್ದಾರಿ ಆ ಊರನ್ನು ಹಾಯ್ದು ಹೋಗುತ್ತದೆ. ಬೀದರ–ಕಲಬುರಗಿ ರಸ್ತೆಯೂ ಅಲ್ಲಿ ಅದನ್ನು ಸಂಧಿಸುತ್ತದೆ. ಗಾಡಿ ತಪ್ಪಿದರೂ ಬಸ್ಸು ಸಿಗುತ್ತದೆ. ಹಳ್ಳಿಖೇಡದಲ್ಲಿ ಕತ್ತಲಾದರೆ ಆ ಧೈರ್ಯವಿಲ್ಲ.

ದಾರಿಯ ಮುಖ್ಯ ತಂಗುದಾಣ ಜಲಸಂಗ್ವಿ. ಅಲ್ಲಿನ ಚಾಲುಕ್ಯರ ಕಾಲದ ಈಶ್ವರ ದೇವಾಲಯದ ಹೊರಗೋಡೆಯಲ್ಲಿ ಮದನಿಕೆಯರ ಸಾಲು. ಅವರಲ್ಲೊಬ್ಬಳು ಕನ್ನಡಿ ಹಿಡಿದವಳಲ್ಲ, ಹೂ ಮುಡಿದು ನಿಂತವಳೂ ಅಲ್ಲ; ಬರೆಯುತ್ತಿರುವವಳು. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕವನ್ನು ಕಲ್ಲಿನ ಮೇಲೆ ಕೊರೆಯುತ್ತಿರುವ ಈಕೆಯೇ ಪ್ರಸಿದ್ಧಳಾದ ಶಾಸನಸುಂದರಿ. ಅಕ್ಷರ ಬಲ್ಲ ಹೆಣ್ಣೊಬ್ಬಳನ್ನು ಒಂಬತ್ತು ಶತಮಾನಗಳ ಹಿಂದೆ ಶಿಲ್ಪಿಯು ಇಷ್ಟು ಸಹಜವಾಗಿ ಕಡೆದಿರುವುದನ್ನು ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ತೋರಿಸದೆ ಮುಂದೆ ಹೋಗಬಾರದು. ಇಲ್ಲಿ ಒಂದು ಗಂಟೆಯಾದರೂ ಬೇಕು. ಬುತ್ತಿ ಬಿಚ್ಚುವುದಕ್ಕೂ ಇದೇ ಹೊತ್ತು.

ಆಕೆ ಹೆಸರಿಸಿದ ಅರಸನು ಆಳಿದ್ದು ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ. ಹಾಗೆಂದು ಅದೇ ದಿನ ಅಲ್ಲಿಗೂ ನಡೆದುಬಿಡುವ ಹುರುಪು ಬೇಡ. ಬಸವಕಲ್ಯಾಣ ಪಟ್ಟಣಕ್ಕೆ ರೈಲಿಲ್ಲ; ಹೆದ್ದಾರಿಯ ಲಾರಿಗಳ ನಡುವೆ ನಡೆಯುವುದು ಶಿಕ್ಷೆ. ಕೋಟೆಯನ್ನೂ ಶರಣರ ಸ್ಥಳಗಳನ್ನೂ ಇನ್ನೊಂದು ದಿನ ಬಸ್ಸಿನಲ್ಲಿ ಹೋಗಿ ಸಾವಕಾಶವಾಗಿ ನೋಡುವುದು ಲೇಸು.

ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳು ಉತ್ತಮ. ಆಗ ತೊಗರಿ ಕಾಯಿಗಟ್ಟಿರುತ್ತದೆ, ಬಿಸಿಲು ಹದವಾಗಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಚಪ್ಪಲಿಯನ್ನೂ ಒಂದೊಂದು ಸೇರು ತೂಗಿಸುತ್ತದೆ. ದಾರಿ ತಪ್ಪದೆಂಬ ನೆಪದಿಂದ ರೈಲುಹಳಿಯ ಮೇಲೆ ನಡೆಯುವುದಂತೂ ಕೂಡದು. ಅದು ಅಪಾಯ ಮಾತ್ರವಲ್ಲ, 1989ರ ರೈಲ್ವೆ ಕಾಯಿದೆಯಂತೆ ಅಪರಾಧ. ಬಂಡಿಜಾಡು ಹಿಡಿದು, ಹೊಲದಲ್ಲಿರುವವರನ್ನು ಕೇಳುತ್ತ ಸಾಗಬೇಕು. ಮರಾಠಿ, ಉರ್ದು ಬೆರೆತ ಅಲ್ಲಿನ ಕನ್ನಡವನ್ನು ಕೇಳುವುದೂ ಈ ಪ್ರಯಾಣದ ಲಾಭವೇ.

ಹುಮನಾಬಾದಿಗೆ ಹೊಂದಿಕೊಂಡೇ ಮಾಣಿಕನಗರವಿದೆ. 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಯದು. ಗಾಡಿಗೆ ಇನ್ನೂ ಒಂದೂವರೆ ಗಂಟೆಯಿದ್ದರೆ ಅಲ್ಲಿ ಕುಳಿತು ಕಾಲು ನೀಡಬಹುದು. ಅಷ್ಟು ಹೊತ್ತಿಲ್ಲದಿದ್ದರೆ ನೇರವಾಗಿ ನಿಲ್ದಾಣಕ್ಕೆ ನಡೆಯಬೇಕು. ಕೊನೆಯ ಚಹಾ ಅಲ್ಲಿಯೇ ಆಗಲಿ.