ಅಟ್ಟದ ಮೇಲಿನ ನೆಗೆಟಿವುಗಳು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಅಟ್ಟವನ್ನು ಗುಡಿಸುವಾಗ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆರೆದೊಡನೆ ಹುಳಿವಾಸನೆ ಮೂಗಿಗೆ ಬಡಿಯಿತು. ಒಳಗಿದ್ದುವು ತಾತನವರು ತೆಗೆದ ಫೋಟೋಗಳ ನೆಗೆಟಿವುಗಳು.

ಆ ವಾಸನೆಗೆ ಕಾರಣವುಂಟು. ಹಿಂದೆ ಫಿಲ್ಮನ್ನು ಬಹುಮಟ್ಟಿಗೆ ಸೆಲ್ಯುಲೋಸ್ ಅಸಿಟೇಟಿನಿಂದ ಮಾಡುತ್ತಿದ್ದರು. ಸೆಕೆ ಮತ್ತು ತೇವಗಳಿಂದ ಅದು ಶಿಥಿಲವಾಗಿ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲವೇ ಮತ್ತಷ್ಟು ಹಾಳುಗೆಡವುತ್ತದೆ. ಫಿಲ್ಮು ಕುಗ್ಗಿ, ಸುಕ್ಕುಗಟ್ಟಿ, ಕೊನೆಗೆ ಚಿತ್ರವಿರುವ ಪೊರೆಯೇ ಕಳಚಿಕೊಳ್ಳುತ್ತದೆ. ಆದುದರಿಂದ ಇರುವಾಗಲೇ ಪ್ರತಿ ಮಾಡಿಕೊಳ್ಳಬೇಕು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಡಿಜಿಟಲ್ ಕ್ಯಾಮರಾ, ಮ್ಯಾಕ್ರೋ ಲೆನ್ಸು, ಬಿಳಿಯ ಎಲ್‌ಇಡಿ ಫಲಕ, ಕ್ಯಾಮರಾವನ್ನು ಕೆಳಮುಖವಾಗಿ ಹಿಡಿದಿಡುವ ಸ್ಟ್ಯಾಂಡು ಇದ್ದರೆ ಸಾಕು. 35 ಮಿ.ಮೀ. ಫಿಲ್ಮಿನ ಒಂದು ಚಿತ್ರದ ಅಳತೆ 36 × 24 ಮಿ.ಮೀ. 1:1 ಪ್ರಮಾಣದ ಮ್ಯಾಕ್ರೋ ಲೆನ್ಸು ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಮೂಡಿಸುತ್ತದೆ. ಫುಲ್‌ಫ್ರೇಮ್ ಕ್ಯಾಮರಾದ ಸಂವೇದಕವೂ ಅದೇ ಅಳತೆಯದಾದುದರಿಂದ ನೆಗೆಟಿವು ಅದನ್ನು ಪೂರ್ತಿ ತುಂಬುತ್ತದೆ.

ನೆಗೆಟಿವನ್ನು ಫಲಕಕ್ಕಿಂತ ಎರಡು ಅಂಗುಲ ಮೇಲಿರಿಸಿ. ಇಲ್ಲವಾದರೆ ಫಲಕದ ಧೂಳೂ ಚಿತ್ರದಲ್ಲಿ ಮೂಡುತ್ತದೆ. ನೆಗೆಟಿವಿನ ಜಾಗದಲ್ಲಿ ಚಿಕ್ಕ ಕನ್ನಡಿಯನ್ನಿಟ್ಟು ನೋಡಿದಾಗ ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಕಂಡರೆ ಕ್ಯಾಮರಾ ಓರೆಯಾಗಿಲ್ಲವೆಂದರ್ಥ. ಧೂಳನ್ನು ರಬ್ಬರು ಬುರುಡೆಯ ಗಾಳಿಯಿಂದ ತೆಗೆಯಬೇಕು. ಬಾಯಿಂದ ಊದಿದರೆ ಎಂಜಲು ಬೀಳುತ್ತದೆ. ಕೋಣೆಯ ದೀಪವಾರಿಸಿ, ಐಎಸ್‌ಒ 100, ದ್ವಾರ ಎಫ್/8 ಇರಿಸಿ, ಕೈ ತಾಗಿ ಅಲುಗದಂತೆ ಟೈಮರಿನಿಂದ ಕ್ಲಿಕ್ಕಿಸಿ, ರಾ ಕಡತವಾಗಿ ಉಳಿಸಿಕೊಳ್ಳಬೇಕು. ಅನಂತರ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪುಗಳನ್ನು ಅದಲುಬದಲು ಮಾಡಿದರೆ ಚಿತ್ರ ಸಿದ್ಧ. ಬಣ್ಣದ ನೆಗೆಟಿವಿಗಾದರೆ ಮೊದಲು ಅದರ ಕಿತ್ತಳೆ ಛಾಯೆಯನ್ನು ಕಳೆಯಬೇಕು. ಚಿತ್ರವಿಲ್ಲದ ಅಂಚನ್ನೇ ಬಿಳುಪೆಂದು ಗೊತ್ತುಮಾಡಿಕೊಂಡರೆ ಈ ಕೆಲಸ ಸುಲಭ.

ನಾನು ಮೊದಲು ಎಡವಿದೆ. ಫಿಲ್ಮಿನ ಹೊಳೆಯುವ ಮೈ ಲೆನ್ಸಿನ ಕಡೆಗಿರಬೇಕು. ನಾನು ಮಂಕಾದ ಮೈಯನ್ನು ಮೇಲಿಟ್ಟಿದ್ದೆ. ಚಿತ್ರ ನೋಡಿದ ದೊಡ್ಡತ್ತೆ, “ನಮ್ಮಮ್ಮ ಬಲಗಡೆಗೆ ಎಂದು ಸೆರಗು ಹೊದ್ದಿದ್ದಳೋ!” ಎಂದು ನಕ್ಕರು. ಎಡಬಲ ತಿರುಗಿಸಿದೆ.

ಅಜ್ಜಿ ತೀರಿಕೊಂಡಾಗ ನಮ್ಮ ತಂದೆಗೆ ಮೂರು ವರ್ಷ. ಮನೆಯಲ್ಲಿ ಅವರ ಫೋಟೋ ಒಂದೂ ಇರಲಿಲ್ಲ. ತಂದೆಯವರು ಮಾತಾಡಲಿಲ್ಲ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅದೇ ಡಬ್ಬಿಯಲ್ಲಿದ್ದ ಇನ್ನೊಂದು ಸುರುಳಿಯ ಪೊರೆ ಆಗಲೇ ಉದುರಿಹೋಗಿತ್ತು. ಅದರಲ್ಲಿ ಯಾರಿದ್ದರೋ ಇನ್ನು ತಿಳಿಯುವಂತಿಲ್ಲ.

ಮಿತ್ರರೇ, ಈ ರಜೆಯಲ್ಲಿ ನಿಮ್ಮ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿರಿ.