ಪಟ್ಟ ಕಟ್ಟಿದ ಮೇಲೆ

ಕಾಲ್ಚೆಂಡಾಟವನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲ. ಬಾಲ್ಯದಲ್ಲಿ ನಾನು ಆಡಿದ್ದು ಚಿನ್ನಿದಾಂಡು. ಪ್ರಾಯಕ್ಕೆ ಬಂದ ಮೇಲೆ ಆಡಿದ್ದೆಲ್ಲ ಬರಿಯ ಮಾತು. ಆದರೂ ಈ ಬರಹದ ವಸ್ತು ಕಾಲ್ಚೆಂಡೇ. 2024ರ ನವರಾತ್ರಿಯ ಭಾನುವಾರ, ಅಕ್ಟೋಬರ್ 6ರಂದು, ಪೀಣ್ಯ ಎರಡನೆಯ ಹಂತದ ಒಂದು ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುತ್ತ ನಾನು ಕೇಳಿದ ವಾದವೊಂದು ನನ್ನ ವೃತ್ತಿಯ ಮರ್ಮಕ್ಕೇ ಬಂದು ತಾಗಿತು. ಅದನ್ನು ವಾಚಕರ ಮುಂದಿಟ್ಟರೆ ಮನಸ್ಸಿನ ಭಾರ ಸ್ವಲ್ಪವಾದರೂ ಇಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಆಯುಧಪೂಜೆಗೆ ಇನ್ನೈದು ದಿನವಿತ್ತು. ಕಾರ್ಖಾನೆಗಳ ಷಟರುಗಳು ಅರ್ಧ ತೆರೆದಿದ್ದವು. ಒಳಗೆ ಹುಡುಗರು ಯಂತ್ರಗಳ ಜಿಡ್ಡನ್ನು ಒರೆಸಿ ಬಣ್ಣ ಬಳಿಯುತ್ತಿದ್ದರು. ವರ್ಷವೆಲ್ಲ ಕಿವಿಗಡಚಿಕ್ಕುವ ಆ ಬೀದಿಯಲ್ಲಿ ಅಂದು ಮನುಷ್ಯರ ಧ್ವನಿ ಕೇಳಿಸುತ್ತಿತ್ತು. ವಾದಿಗಳು ಮೂವರು. ಒಬ್ಬ ನನ್ನ ಹಳೆಯ ಶಿಷ್ಯ. ತುಮಕೂರು ಜಿಲ್ಲೆಯ ಒಂದು ಪುಟ್ಟ ಊರಿನ ಕಾಲೇಜಿನಲ್ಲಿ ನನ್ನ ಮುಂದೆ ಕುಳಿತು ಪಾಠ ಕೇಳಿದವನು. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೂಲ್ ರೂಮಿನ ಕೆಲಸಗಾರ, ಬೆಂಗಳೂರು ಎಫ್.ಸಿ. ತಂಡದ ಪರಮ ಭಕ್ತ. ಎರಡನೆಯವನು ಅವನ ಸಹೋದ್ಯೋಗಿ, ಕಲಕತ್ತೆಯ ಕಡೆಯ ತರುಣ. ಕಾರ್ಖಾನೆಯಲ್ಲಿಯೇ ಕಲಿತ ಕನ್ನಡವನ್ನು ಸಂಕೋಚವಿಲ್ಲದೆ ಆಡುವವನು. ಮೂರನೆಯವರು ಸರಕಾರಿ ಉದ್ದಿಮೆಯೊಂದರಲ್ಲಿ ಲೇತಿನ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದ ಹಿರಿಯರು. ಬೆಂಗಳೂರಿನ ಅಹಮದ್ ಖಾನರ ಆಟವನ್ನು ತಮ್ಮ ತಂದೆ ಕಂಡದ್ದನ್ನು ತಾವೇ ಕಂಡಂತೆ ವರ್ಣಿಸಬಲ್ಲವರು.

ವಾದಕ್ಕೆ ಗುರಿಯಾಗಿದ್ದವರು ಸ್ಪೇನ್ ದೇಶದ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ 2016ರಲ್ಲಿ ಆಲ್ಬರ್ಟ್ ರೋಕಾ ಎಂಬುವರು ಮುಖ್ಯ ತರಬೇತುದಾರರಾಗಿ ಬಂದಾಗ, ಕ್ವಾದ್ರಾತ್ ಅವರ ಸಹಾಯಕರಾಗಿ ಬಂದರು. ಆ ವರ್ಷ ತಂಡ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಎರಡು ವರ್ಷ ಮತ್ತೊಬ್ಬರ ಹಿಂದೆ ನಿಂತು ಎಲ್ಲವನ್ನೂ ಕಂಡು, 2018ರಲ್ಲಿ ಅವರು ತಾವೇ ಚುಕ್ಕಾಣಿ ಹಿಡಿದರು. ಆ ಋತುವಿನಲ್ಲಿಯೇ ತಂಡ ಇಂಡಿಯನ್ ಸೂಪರ್ ಲೀಗಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದ ಮೇಲೆ, 117ನೆಯ ನಿಮಿಷದಲ್ಲಿ, ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಒಂದು ಗೋಲಿನಿಂದ ಕಪ್ಪೂ ಬಂದಿತು. ಪಟ್ಟಿಯ ಶಿಖರವನ್ನೂ ಕಪ್ಪನ್ನೂ ಒಂದೇ ಋತುವಿನಲ್ಲಿ ಪಡೆದ ಮೊದಲ ತಂಡ ಅದು. ಆದರೆ ಜಯಲಕ್ಷ್ಮಿ ಚಂಚಲೆ. 2021ರ ಜನವರಿಯಲ್ಲಿ, ಸಾಲಾಗಿ ಮೂರು ಪಂದ್ಯ ಸೋತ ಮೇಲೆ, ಅವರು ಬೆಂಗಳೂರನ್ನು ಬಿಟ್ಟರು.

2023ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದದ್ದು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ. 1920ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬಿನ ಅಭಿಮಾನಿಗಳು ಲಕ್ಷ ಲಕ್ಷ. ದೇಶ ಇಬ್ಭಾಗವಾದಾಗ ಪೂರ್ವಬಂಗಾಳದ ಮನೆಮಠಗಳನ್ನು ಕಳೆದುಕೊಂಡು ಬಂದವರಿಗೆ ಉಳಿದ ಊರಿನ ಹೆಸರೆಂದರೆ ಅದೊಂದೇ ಎಂದು ಆ ಬಂಗಾಳಿ ತರುಣ ಹೇಳಿದ. ಅವನ ಅಜ್ಜನೂ ಹಾಗೆ ಬಂದವನೇ. ಬೆಂಗಳೂರಿಗೂ ಆ ಕ್ಲಬ್ಬಿಗೂ ಹಳೆಯ ನಂಟುಂಟು. 1949ರಿಂದ ಕೆಲವು ವರ್ಷ ಅದರ ಮುಂಪಡೆಯಲ್ಲಿ ಆಡುತ್ತಿದ್ದ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು.

2024ರ ಸೆಪ್ಟೆಂಬರ್ 14, ಶನಿವಾರ. ಶಿಷ್ಯನ ಬಲವಂತಕ್ಕೆ ನಾನೂ ಕಂಠೀರವ ಕ್ರೀಡಾಂಗಣಕ್ಕೆ ಹೋಗಿದ್ದೆ. ಮೆಟ್ರೋ ರೈಲಿನಲ್ಲಿ ವೈಟ್‌ಫೀಲ್ಡ್ ಕಡೆಯಿಂದ ಬಂದ ತರುಣರ ಗುಂಪೊಂದು ಕೊರಳಲ್ಲಿ ಕೆಂಪು ಹಳದಿಯ ವಸ್ತ್ರ ಸುತ್ತಿಕೊಂಡು ಇಳಿಯಿತು. ರಾಜ್ಯೋತ್ಸವಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗಲೇ ಈ ಕನ್ನಡಾಭಿಮಾನವೇನೆಂದು ನಾನು ಒಳಗೊಳಗೇ ಹಿಗ್ಗಿದೆ. ಅವರು ಬಂಗಾಳಿಯಲ್ಲಿ ಜಯಕಾರ ಹಾಕಿದ ಮೇಲೆ ತಿಳಿಯಿತು: ಈಸ್ಟ್ ಬೆಂಗಾಲಿನ ಬಣ್ಣವೂ ಅರಿಶಿನ ಕುಂಕುಮವೇ! ಅಂದು ಬೆಂಗಳೂರಿನ ಯುವಪಡೆಯಿಂದ ಬಂದ 19 ವರ್ಷದ ವಿನೀತ್ ವೆಂಕಟೇಶ್ 25ನೆಯ ನಿಮಿಷದಲ್ಲಿ ಗೋಲು ಹೊಡೆದ. ಪಂದ್ಯ ಮುಗಿದಾಗಲೂ ಅದೊಂದೇ ಗೋಲು. ಐದು ವರ್ಷದ ಹಿಂದೆ ಈ ಊರಿಗೆ ಕಪ್ಪು ತಂದವರು ಈ ಊರಿನ ನೆಲದಲ್ಲಿಯೇ ಸೋತರು. ಮುಂದಿನ ವಾರ ಕೊಚ್ಚಿಯಲ್ಲಿ ಸೋಲು. ಅದರ ಮುಂದೆ, ಸೆಪ್ಟೆಂಬರ್ 27ರಂದು, ಕಲಕತ್ತೆಯಲ್ಲಿಯೇ ಗೋವಾ ತಂಡದ ಕೈಯಲ್ಲಿ ಸೋಲು. ಮೂರು ಗೋಲು ಹೊಡೆದವನು ಹಿಂದೆ ಈಸ್ಟ್ ಬೆಂಗಾಲಿಗೇ ಆಡಿದ್ದ ಬೋರ್ಜಾ ಹೆರೇರಾ. ಸೆಪ್ಟೆಂಬರ್ 30ರಂದು ಕ್ವಾದ್ರಾತ್ ರಾಜೀನಾಮೆ ಕೊಟ್ಟರು.

ದರ್ಶಿನಿಯ ಮುಂದಿನ ವಾದ ಹುಟ್ಟಿದ್ದು ಇಲ್ಲಿಂದ.

“ಆತನಿಗೆ ಏನೂ ಬರುವುದಿಲ್ಲ” ಎಂದ ಬಂಗಾಳಿ ತರುಣ. “ಬೆಂಗಳೂರಿನಲ್ಲಿ ಗೆದ್ದದ್ದು ರೋಕಾ ಕಟ್ಟಿಟ್ಟ ತಂಡ. ಸಿದ್ಧವಾದ ಅಡಿಗೆಯನ್ನು ಬಡಿಸಿದವನನ್ನು ನೀವು ಭಟ್ಟನೆಂದು ತಿಳಿದಿರಿ.”

ಶಿಷ್ಯನಿಗೆ ಕೋಪ ಬಂದಿತು. “ಹಾಗಾದರೆ ಜನವರಿಯಲ್ಲಿ ಸೂಪರ್ ಕಪ್ಪು ತಂದುಕೊಟ್ಟವರಾರು? ಅಂದು ನೀನೇ ಇಡೀ ಷೆಡ್ಡಿಗೆ ಸಿಹಿ ಹಂಚಲಿಲ್ಲವೆ?”

ಅದು ನಿಜ. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3-2ರಿಂದ ಸೋಲಿಸಿ, ಈಸ್ಟ್ ಬೆಂಗಾಲ್ ಹನ್ನೆರಡು ವರ್ಷದ ಮೇಲೆ ರಾಷ್ಟ್ರಮಟ್ಟದ ಪ್ರಶಸ್ತಿಯೊಂದನ್ನು ಪಡೆದದ್ದು ಕ್ವಾದ್ರಾತರ ಕಾಲದಲ್ಲಿ. ಅದಕ್ಕೂ ಮೊದಲು, 2023ರ ಆಗಸ್ಟಿನಲ್ಲಿ, ಮೋಹನ್ ಬಗಾನ್ ಎದುರಿನ ಬಹುಕಾಲದ ಸೋಲಿನ ಸರಣಿಯನ್ನು ಮುರಿದದ್ದೂ ಅವರ ತಂಡವೇ. ಆದರೆ ಲೀಗಿನಲ್ಲಿ ಮಾತ್ರ 2023-24ರಲ್ಲಿಯೂ ಒಂಬತ್ತನೆಯ ಸ್ಥಾನವೇ ಗತಿಯಾಯಿತು.

“ಹೌದು, ಹೊತ್ತು ಕುಣಿದವರು ನಾವೇ” ಎಂದು ತರುಣ ತಗ್ಗಿದ ದನಿಯಲ್ಲಿ ಹೇಳಿದ. “ಅದಕ್ಕೇ ಹೆಚ್ಚು ನೋವು. ನಿಮ್ಮ ಕ್ಲಬ್ಬಿಗೆ ಹನ್ನೊಂದು ವರ್ಷ. ನಮ್ಮದಕ್ಕೆ ನೂರನಾಲ್ಕು. ನೀವು ಸೋತರೆ ಒಂದು ಪಂದ್ಯ ಸೋತಂತೆ. ನಾವು ಸೋತರೆ ತಾತ ಸೋತಂತೆ.”

ಶಿಷ್ಯ ದೇಶಾಂತರದ ಉದಾಹರಣೆಗಳನ್ನು ತೆಗೆದ. ಇಂಗ್ಲೆಂಡಿನಲ್ಲಿ ಡೇವಿಡ್ ಮೋಯ್ಸ್ ಎವರ್ಟನ್ ತಂಡವನ್ನು ಹನ್ನೊಂದು ವರ್ಷ ಸಲಹಿದವರು. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಮಹಾಸಂಸ್ಥಾನಕ್ಕೆ ಹೋಗಿ ಒಂದು ವರ್ಷವನ್ನೂ ಪೂರೈಸಲಾರದೆ ಹೋದರು. 1972ರಲ್ಲಿ ಡರ್ಬಿ ಕೌಂಟಿ ತಂಡಕ್ಕೆ ಲೀಗ್ ಗೆದ್ದುಕೊಟ್ಟ ಬ್ರಯನ್ ಕ್ಲಫ್ 1974ರಲ್ಲಿ ಲೀಡ್ಸ್ ಯುನೈಟೆಡ್ಡಿನಲ್ಲಿ ನಿಂತದ್ದು ಕೇವಲ 44 ದಿನ. ಅದೇ ಕ್ಲಫ್ ಆಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979ರಲ್ಲಿಯೂ 1980ರಲ್ಲಿಯೂ ಯೂರೋಪಿನ ಕಪ್ಪನ್ನು ತಂದುಕೊಟ್ಟರು. “ಆ 44 ದಿನದಲ್ಲಿ ಅವರ ವಿದ್ಯೆ ಎಲ್ಲಿಗೆ ಹೋಗಿತ್ತು?” ಎಂದು ಕೇಳಿದ.

ನನಗೆ ಸುಮ್ಮನಿರಲಾಗಲಿಲ್ಲ. “ಭಾರತವನ್ನೇ ನೋಡಿರಯ್ಯ” ಎಂದೆ. “ಕೌರವನದು ಹನ್ನೊಂದು ಅಕ್ಷೌಹಿಣಿ, ಪಾಂಡವರದು ಏಳು. ದೊಡ್ಡ ಪಡೆಗೇ ಸೇನಾಪತಿಗಳು ಸಾಲದೆ ಹೋದರು. ಭೀಷ್ಮನಿಗೆ ಹತ್ತು ದಿನ, ದ್ರೋಣನಿಗೆ ಐದು, ಕರ್ಣನಿಗೆ ಎರಡು, ಶಲ್ಯನಿಗೆ ಅರ್ಧ. ಪಟ್ಟ ಕಟ್ಟಿಸಿಕೊಂಡವರಲ್ಲಿ ಯಾರು ಕಡಿಮೆಯ ವೀರರು?”

ಶಿಷ್ಯ ನಕ್ಕ. “ಸರ್, ನೀವು ಇನ್ನೂ ಬದಲಾಗಿಲ್ಲ.”

ಹೊಗಳಿಕೆಯೆಂದೇ ಭಾವಿಸಿ ನಾನೂ ನಕ್ಕೆ. ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯರು ಆಗ ಬಾಯಿ ತೆರೆದರು.

“ನನಗೆ ಭಾರತವೂ ಗೊತ್ತಿಲ್ಲ, ಇಂಗ್ಲೆಂಡೂ ಗೊತ್ತಿಲ್ಲ, ಮೇಷ್ಟ್ರೇ. ಲೇತು ಗೊತ್ತು. ಹಿತ್ತಾಳೆಯನ್ನು ಕೊರೆಯುವ ವೇಗದಲ್ಲಿಯೇ ಉಕ್ಕನ್ನು ಕೊರೆಯಲು ಹೋದರೆ ಟೂಲು ಸುಟ್ಟುಹೋಗುತ್ತದೆ. ಹಾಗೆಂದು ಟೂಲು ಕೆಟ್ಟದ್ದೇ? ಉಕ್ಕು ಕೆಟ್ಟದ್ದೇ? ಕೆಲಸಗಾರ ಲೋಹ ನೋಡಿ ವೇಗ ಬದಲಾಯಿಸಬೇಕು. ಹೊಸ ಲೋಹಕ್ಕೆ ಯಾವ ವೇಗ ಎಂದು ತಿಳಿಯಲು ನಾಲ್ಕಾರು ತುಂಡು ಹಾಳಾಗುತ್ತವೆ. ಹಾಳಾಗಲು ಬಿಡುವ ಧಣಿಯೂ ಬೇಕು, ತನ್ನಿಂದ ಹಾಳಾಯಿತೆಂದು ಒಪ್ಪುವ ಕೆಲಸಗಾರನೂ ಬೇಕು.”

ಯಾರೂ ಮಾತಾಡಲಿಲ್ಲ. ಹಿರಿಯರು ಲೋಟವನ್ನಿಟ್ಟು ಹೊರಟರು. ಪೂಜೆಗೆ ಊರಿಗೆ ಹೋಗಲು ರೈಲಿನ ಚೀಟಿ ಖಚಿತವಾಯಿತೇ ಎಂದು ನೋಡುತ್ತ ಬಂಗಾಳಿ ತರುಣನೂ ಹೊರಟ. ಗುರು ಹೋದ ಮೇಲೂ ಅವನ ತಂಡದ ಸೋಲು ನಿಂತಿರಲಿಲ್ಲ. ಹಿಂದಿನ ದಿನ ಜಮ್‌ಶೆಡ್‌ಪುರದಲ್ಲಿ ಮತ್ತೆ ಸೋತಿತ್ತು.

ಶಿಷ್ಯ ನನ್ನನ್ನು ಮೆಟ್ರೋ ನಿಲ್ದಾಣದವರೆಗೆ ಕಳುಹಿಸಲು ಬಂದ. ದಾರಿಯಲ್ಲಿ ಏನನ್ನೋ ನುಂಗಿಕೊಳ್ಳುತ್ತಿರುವಂತೆ ಕಂಡಿತು. ಕೊನೆಗೆ ಹೇಳಿದ: “ನನ್ನ ತಮ್ಮ ಈಗ ನಿಮ್ಮ ಕಾಲೇಜಿನಲ್ಲಿಯೇ ಓದುತ್ತಿದ್ದಾನೆ, ಸರ್. ಊರಿನಲ್ಲಿ ನೀವು ಪಾಠ ಮಾಡುತ್ತಿದ್ದ ರೀತಿಯನ್ನು ಅವನಿಗೆ ಹೇಳುತ್ತಿರುತ್ತೇನೆ. ಅವನು ನಂಬುವುದಿಲ್ಲ.”

ನಾನು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ.

ಆ ಪುಟ್ಟ ಊರಿನಲ್ಲಿ ಹನ್ನೊಂದು ವರ್ಷ ಕಲಿಸಿದೆ. ತರಗತಿಯಲ್ಲಿ ಮೂವತ್ತು ಮಂದಿ. ಅವರ ತಂದೆಯರ ಹೆಸರೂ ನನಗೆ ಗೊತ್ತು. ಸಂಜೆ ಹಾಸ್ಟೆಲಿನ ಜಗಲಿಯ ಮೇಲೆ ಗದಾಯುದ್ಧ ಓದುತ್ತಿದ್ದೆವು, ನಾಟಕ ಆಡುತ್ತಿದ್ದೆವು. ಒಳ್ಳೆಯ ಮೇಷ್ಟ್ರೆಂಬ ಹೆಸರು ಬಂದಿತು. ಆ ಹೆಸರನ್ನು ಹೊತ್ತುಕೊಂಡು ಬೆಂಗಳೂರಿನ ಈ ಅಂಚಿಗೆ, ದೊಡ್ಡ ಕಾಲೇಜಿಗೆ ಬಂದೆ. ಇಲ್ಲಿ ತರಗತಿಗೆ ತೊಂಬತ್ತು ಮಂದಿ. ಹಿಂದಿನ ಬೆಂಚುಗಳಲ್ಲಿ ನಿದ್ದೆ. ಮೂರು ವರ್ಷದಲ್ಲಿ ನಾನು ಸಹೋದ್ಯೋಗಿಗಳ ಮುಂದೆ ಆಡಿದ ಮಾತು ಒಂದೇ: ಈ ಕಾರ್ಖಾನೆಯ ಬಯಲಿನ ಹುಡುಗರಿಗೆ ಸಾಹಿತ್ಯ ಬೇಕಿಲ್ಲ. ಮೇಜಿನ ಖಾನೆಯಲ್ಲಿ ಹಳೆಯ ಊರಿಗೇ ವರ್ಗ ಕೇಳುವ ಅರ್ಜಿಯೊಂದನ್ನು ಬರೆದಿಟ್ಟಿದ್ದೆ.

ಮೆಟ್ರೋದಲ್ಲಿ ಕುಳಿತು ಯೋಚಿಸಿದೆ. ಊರಿನಲ್ಲಿ ನನ್ನದೆಂದು ತಿಳಿದಿದ್ದ ಗೆಲುವಿನಲ್ಲಿ ಆ ಜಗಲಿಯ ಪಾಲೆಷ್ಟು, ಬೇರೆ ಕೆಲಸವಿಲ್ಲದ ಆ ಸಂಜೆಗಳ ಪಾಲೆಷ್ಟು, ನನಗಿಂತ ಮೊದಲು ಅಲ್ಲಿ ಕನ್ನಡ ಕಲಿಸಿ ಹುಡುಗರನ್ನು ಹದಗೊಳಿಸಿ ಹೋಗಿದ್ದ ಹಿರಿಯ ಅಧ್ಯಾಪಕರ ಪಾಲೆಷ್ಟು? ಬಂಗಾಳಿ ತರುಣ ರೋಕಾ ಹೆಸರೆತ್ತಿದಾಗ ನನಗೇಕೆ ಚುಚ್ಚಿತೆಂದು ಆಗ ತಿಳಿಯಿತು. ಗೆದ್ದಾಗ ಹಲವರ ಪಾಲನ್ನು ಒಬ್ಬನೇ ಹೊತ್ತುಕೊಂಡಿರುತ್ತೇವೆ. ಅದರಿಂದಲೇ ಸೋತಾಗ ಹಲವರ ಸೋಲೂ ಒಬ್ಬನ ತಲೆಗೇ ಬರುತ್ತದೆ. ಕ್ವಾದ್ರಾತರ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರು? ನನ್ನ ವಿಷಯದಲ್ಲಿ ಮಾತ್ರ ಒಂದು ಸಂಗತಿ ಖಚಿತವಾಗಿತ್ತು. ಮೂರು ವರ್ಷವೂ ನಾನು ಹಿತ್ತಾಳೆಯ ವೇಗದಲ್ಲಿಯೇ ಉಕ್ಕನ್ನು ಕೊರೆಯುತ್ತಿದ್ದೆ. ಕಿಡಿ ಹಾರಿದಾಗಲೆಲ್ಲ ಉಕ್ಕನ್ನು ಬಯ್ಯುತ್ತಿದ್ದೆ.

ದಸರೆಯ ರಜೆ ಮುಗಿದ ಮೊದಲ ದಿನ ಹಾಜರಿ ಪುಸ್ತಕವನ್ನು ಮುಚ್ಚಿಟ್ಟು, ಯಾರು ಯಾರು ರಾತ್ರಿ ಕೆಲಸಕ್ಕೆ ಹೋಗುತ್ತೀರೆಂದು ಕೇಳಿದೆ. ಮೊದಲು ಯಾರೂ ಕೈಯೆತ್ತಲಿಲ್ಲ. ಆಮೇಲೆ ಇಪ್ಪತ್ತಾರು ಕೈಗಳು ಎದ್ದವು. ಗೋದಾಮಿನಲ್ಲಿ ಪೊಟ್ಟಣ ಕಟ್ಟುವವರು, ಮನೆ ಮನೆಗೆ ಊಟ ಮುಟ್ಟಿಸುವವರು, ಷೆಡ್ಡಿನಲ್ಲಿ ಎರಡನೆಯ ಪಾಳಿ ಮಾಡುವವರು. ಶಿಷ್ಯನ ತಮ್ಮನ ಕೈಯೂ ಅದರಲ್ಲಿತ್ತು. ಮೂರು ವರ್ಷ ನಾನು ನಿದ್ದೆಯೆಂದು ಹಳಿದದ್ದು ದಣಿವಾಗಿತ್ತು. ಅಂದು ಪಾಠ ನಡೆಯಲಿಲ್ಲ. ಅವರು ಹೇಳಿದರು, ನಾನು ಕೇಳಿದೆ. ಗಂಟೆ ಹೊಡೆದಾಗ ಹಿಂದಿನ ಬೆಂಚಿನಲ್ಲಿ ಯಾರೂ ಮಲಗಿರಲಿಲ್ಲ.

ಇದರಿಂದ ನಾನು ಗೆದ್ದೆನೆಂದು ವಾಚಕರು ಭಾವಿಸಬಾರದು. ಆಮೇಲೆಯೂ ಎಷ್ಟೋ ತುಂಡುಗಳು ಹಾಳಾಗಿವೆ. ಈಸ್ಟ್ ಬೆಂಗಾಲ್ ಹೊಸ ತರಬೇತುದಾರರನ್ನು ತಂದಿತು. ಆದರೂ 2024-25ರ ಲೀಗಿನಲ್ಲಿ ಮತ್ತೆ ಒಂಬತ್ತನೆಯ ಸ್ಥಾನದಲ್ಲಿಯೇ ನಿಂತಿತು. ಪೀಣ್ಯದ ದರ್ಶಿನಿಯ ಮುಂದೆ ವಾದ ಮುಂದುವರಿದೇ ಇದೆ. ಬಂಗಾಳಿ ತರುಣ ಮಾತ್ರ “ಆತನಿಗೆ ಏನೂ ಬರುವುದಿಲ್ಲ” ಎನ್ನುವುದನ್ನು ಬಿಟ್ಟಿದ್ದಾನೆ. ವರ್ಗದ ಅರ್ಜಿ ಇನ್ನೂ ಖಾನೆಯಲ್ಲಿಯೇ ಇದೆ. ಹರಿದುಹಾಕುವಷ್ಟು ಧೈರ್ಯ ನನಗೆ ಬಂದಿಲ್ಲ. ಕಳುಹಿಸುವ ಮನಸ್ಸೂ ಇಲ್ಲ. ಶಿಷ್ಯನ ತಮ್ಮ ಅಣ್ಣನ ಮಾತನ್ನು ಈಗ ನಂಬುತ್ತಾನೆಯೋ ಇಲ್ಲವೋ, ನಾನು ಕೇಳಿಲ್ಲ. ಬೆಳಗಿನ ಮೊದಲ ಗಂಟೆಗೆ ಅವನು ಮುಂದಿನ ಬೆಂಚಿಗೆ ಬಂದು ಕುಳಿತಿರುತ್ತಾನೆ. ಕೆಲವು ದಿನ ನಿದ್ದೆಯನ್ನೂ ಮಾಡುತ್ತಾನೆ. ನಾನು ಎಬ್ಬಿಸುವುದಿಲ್ಲ.